ಹಾಡುಹಕ್ಕಿ ಬರಬೇಕಾದರೆ ಹಿತ್ತಲಿಗೆ ಮೊದಲು ಹುಳ ಬರಲಿ

ಹಕ್ಕಿ ಬರಲೆಂದು ಹೆಚ್ಚಿನವರು ಹಣ್ಣಿನ ಗಿಡ ಹುಡುಕುತ್ತಾರೆ. ಹಣ್ಣಿದ್ದಷ್ಟು ದಿನ ಪಿಕಳಾರ (ಬುಲ್‌ಬುಲ್) ಬರುತ್ತದೆ, ತಿಂದು ಹೋಗುತ್ತದೆ. ಅದು ಇಲ್ಲೇ ಗೂಡು ಕಟ್ಟಬೇಕಾದರೆ ಮರಿಗಳಿಗೆ ಹುಳ ಸಿಗಬೇಕು. ಮಕರಂದ ಹೀರುವ ಸೂರಕ್ಕಿಯೂ ಮರಿಗೆ ತಂದುಕೊಡುವುದು ಜೇಡ, ಪುಟ್ಟ ಹುಳಗಳನ್ನೇ. ನರ್ಸರಿಯ ಅಲಂಕಾರದ ಗಿಡಗಳಲ್ಲಿ ಬಹಳಷ್ಟನ್ನು ನಮ್ಮ ಹುಳಗಳು ಮುಟ್ಟುವುದಿಲ್ಲ. ಬೆಂಗಳೂರಿನ 30×40 ಸೈಟಿನಲ್ಲಿ ಕಾಂಪೌಂಡಿನ ಪಕ್ಕ ಉಳಿದ ನಾಲ್ಕಡಿ ಪಟ್ಟಿಗೆ ನಾನು ಗಿಡ ಆರಿಸಿದ್ದು ಈ ಲೆಕ್ಕದಲ್ಲಿ.

ಮೊದಲ ಸ್ಥಾನ ಕರಿಬೇವಿಗೆ. ಚಿಗುರಿನ ಮೇಲೆ ಚಿಟ್ಟೆ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಹಸಿರು. ಇದನ್ನು ಕಂಡ ಕೂಡಲೇ ಔಷಧಿ ಹೊಡೆಯಬೇಡಿ. ಎಲೆ ಹೋದರೂ ಗಿಡ ಮತ್ತೆ ಚಿಗುರುತ್ತದೆ. ಕರಿಬೇವು ಹಣ್ಣು ಬಿಡುವುದಿಲ್ಲ ಎನ್ನುವವರ ಮನೆಯಲ್ಲಿ ಕಾರಣ ಒಗ್ಗರಣೆ: ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ, ಅದನ್ನೇ ನಾವು ದಿನವೂ ಚಿವುಟುತ್ತೇವೆ. ಅಡುಗೆಗೆ ಒಂದು ಗಿಡ, ಹಕ್ಕಿಗೆ ಕೈಹಚ್ಚದ ಇನ್ನೊಂದು ಇರಲಿ. ಬೀಜದಿಂದ ಮಾಡುವುದಾದರೆ ಪೂರ್ತಿ ಕಪ್ಪಾದ ಹಣ್ಣು ಹಿಸುಕಿ, ತಿರುಳು ತೊಳೆದು, ಆ ವಾರದಲ್ಲೇ ಅರ್ಧ ಇಂಚು ಆಳಕ್ಕೆ ಊರಬೇಕು. ಒಣಗಿಸಿಟ್ಟ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಎರಡನೆಯದು ಕೇಪಳ, ನರ್ಸರಿಯವರು ಇಕ್ಸೋರಾ ಅನ್ನುವುದು. ಕಾಡಿನ ಕೆಂಪು ಜಾತಿಯೇ ಬೇಕು. ಅದರ ಉದ್ದ ಕೊಳವೆಯ ಹೂವಿಗೆ ಸೂರಕ್ಕಿ, ಹಣ್ಣಿಗೆ ಪಿಕಳಾರ ಬರುತ್ತದೆ. ನರ್ಸರಿಯ ಗಿಡ್ಡ ಹೈಬ್ರಿಡ್‌ಗಳಲ್ಲಿ ಹೂವೇನೋ ತುಂಬಿರುತ್ತದೆ, ಹಣ್ಣು ಕಟ್ಟುವುದು ಅಪರೂಪ. ಮಳೆಗಾಲದ ಆರಂಭದಲ್ಲಿ, ಪೂರ್ತಿ ಬಲಿಯದ ಆರಿಂಚಿನ ಕಡ್ಡಿ ನೆಟ್ಟು ನೆರಳಲ್ಲಿಟ್ಟರೆ ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ.

ನಗರದ ಮನೆಗಳಲ್ಲಿ ಕೇಪಳ ಸೊರಗುವುದಕ್ಕೆ ಮುಖ್ಯ ಕಾರಣ ಮಣ್ಣು. ಪಾಯದ ಪಕ್ಕ ಸಿಮೆಂಟು, ಗಾರೆಯ ಚೂರು ಹೂತಿರುತ್ತದೆ. ಅದರ ಸುಣ್ಣದಿಂದ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗೊಬ್ಬರ ಸುರಿದರೆ ಇದು ಸರಿಹೋಗದು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಚೂರೆಲ್ಲ ಆರಿಸಿ ತೆಗೆದು, ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಎಲೆಗೊಬ್ಬರ ಸೇರಿಸಿ ತುಂಬಬೇಕು. ಬೂದಿ ಖಂಡಿತ ಹಾಕಬಾರದು. ಬೋರ್‌ವೆಲ್ಲಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಉತ್ತಮ.

ಮೂಲೆಗೆ ಕವಳಿ, ಕೆಲವೆಡೆ ಕರಂಡೆ ಅನ್ನುತ್ತಾರೆ. ಮುಳ್ಳು ದಟ್ಟವಾದ್ದರಿಂದ ಬೆಕ್ಕು ಹತ್ತಲು ಹಿಂಜರಿಯುತ್ತದೆ, ಗೂಡಿಗೆ ಒಳ್ಳೆಯ ಜಾಗ. ದಾರಿಯಿಂದ ಮೂರಡಿಯಾದರೂ ಒಳಗೆ ನೆಡಿ. ಆಡುಸೋಗೆ ಕಡ್ಡಿ ಊರಿದರೆ ಸಾಕು, ಬರುತ್ತದೆ. ಗಣಿಕೆ ಸೊಪ್ಪು, ತೊಂಡೆ, ಬಸಳೆಯ ಹಣ್ಣನ್ನೂ ಪಿಕಳಾರ ಬಿಡುವುದಿಲ್ಲ. ಲಂಟಾನಾ ಮಾತ್ರ ಬೇಡ, ಹಣ್ಣು ತಿಂದ ಹಕ್ಕಿಯೇ ಅದನ್ನು ಕಾಡಿಗೂ ಹಬ್ಬಿಸುತ್ತದೆ.

ಗಿಡದಷ್ಟೇ ಮುಖ್ಯ, ಗುಡಿಸದೆ ಬಿಡುವುದು. ಮಡಿವಾಳ ಹಕ್ಕಿ ನೆಲದ ಮೇಲೆ ಕುಪ್ಪಳಿಸುತ್ತಾ ತರಗೆಲೆಯ ನಡುವಿನ ಹುಳ ಹೆಕ್ಕುತ್ತದೆ. ಗಿಡದ ಬುಡದಲ್ಲಿ ಎರಡು ಇಂಚು ತರಗು ಇರಲಿ, ಕಾಂಡಕ್ಕೆ ತಾಗದ ಹಾಗೆ. ಹೊರಗಿನ ಜೇಡರ ಬಲೆಯನ್ನೂ ಪೂರ್ತಿ ತೆಗೆಯಬೇಡಿ. ಸೂರಕ್ಕಿ ತೂಗುಗೂಡನ್ನು ಬಿಗಿಯುವುದು ಆ ನೂಲಿನಿಂದ. ಸಿಂಪಿಗ ಹಕ್ಕಿ ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಅದೇ ನೂಲನ್ನೋ ಹತ್ತಿಯ ಎಳೆಯನ್ನೋ ತೂರಿಸಿ ಹೊಲಿಯುತ್ತದೆ.

ನೀರಿಗೆ ಒರಟು ಮಣ್ಣಿನ ತಟ್ಟೆ, ಒಂದಿಂಚು ಆಳ, ನಡುವೆ ಒಂದು ಕಲ್ಲು. ನುಣುಪು ಪ್ಲಾಸ್ಟಿಕ್ಕಿನಲ್ಲಿ ಕಾಲು ಜಾರುತ್ತದೆ. ಪೊದೆಗೆ ಅಂಟಿಸಿಟ್ಟರೆ ಬೆಕ್ಕು ಹೊಂಚುತ್ತದೆ, ಆರಡಿ ದೂರವಿಡಿ. ದಿನವೂ ತಿಕ್ಕಿ ನೀರು ಬದಲಿಸಿದರೆ ಸೊಳ್ಳೆಯ ಕಾಟವೂ ಇಲ್ಲ.

ಮಾರ್ಚಿನಿಂದ ಮಳೆಗಾಲ ಮುಗಿಯುವವರೆಗೆ ಕತ್ತರಿ ಒಳಗಿಡಿ, ಎಲೆ ಮರೆಯಲ್ಲಿ ಗೂಡಿರಬಹುದು. ಕೇಪಳ, ಕವಳಿಗಳನ್ನು ನವೆಂಬರಿನಲ್ಲಿ ಒಣ ರೆಂಬೆ ಮಾತ್ರ ತೆಗೆದು ಹಗುರ ಮಾಡಿ. ಆಡುಸೋಗೆ ಚಳಿಗಾಲದಲ್ಲಿ ಹೂ ಬಿಡುವುದರಿಂದ ಅದನ್ನು ಹೂ ಮುಗಿದ ಮೇಲೆ, ಗೂಡಿಲ್ಲವೆಂದು ನೋಡಿಕೊಂಡು ಸವರಿ.