ಗೋಪುರ ಅಳಿಸಿದ ಮೇಲೆ ಸಿಕ್ಕ ಮನೆತನ

ಅಂಚೆಚೀಟಿ ಪ್ರದರ್ಶನದಲ್ಲಿ ಒಂದು ಫ್ರೇಮ್ ಅಂದರೆ 16 ಹಾಳೆ. ಅಷ್ಟರೊಳಗೆ, ಯುರೋಪಿನಲ್ಲಿ ತಲೆಮಾರುಗಟ್ಟಲೆ ಅಂಚೆ ನಡೆಸಿದ ಟುರ್ನ್ ಉಂಡ್ ಟಾಕ್ಸಿಸ್ ಮನೆತನದ ಕಥೆ ಮುಗಿಸುತ್ತೇನೆ ಅಂತ ಹೊರಟೆ. ಮೊದಲ ಹಾಳೆಯೇ ಎರಡು ತಿಂಗಳು ತಿಂದಿತು.

ಈ ಹುಚ್ಚು ಹತ್ತಿದ್ದು ಒಂದು ಚೀಟಿಯಿಂದ. 1852ರ ಮೊದಲ ಮುದ್ರಣದ್ದು. ಬಣ್ಣದ ಕಾಗದದ ಮೇಲೆ ಕಪ್ಪು ಅಚ್ಚು, ನಡುವೆ ದೊಡ್ಡ ಅಂಕಿ, ಅಂಚಿನಲ್ಲಿ ಮನೆತನದ ಹೆಸರು. ರಾಜನ ಮುಖವಿಲ್ಲ, ದೇಶದ ಹೆಸರೂ ಇಲ್ಲ. ಆಗ ಚೀಟಿಗಳ ನಡುವೆ ತೂತು ಇರುತ್ತಿರಲಿಲ್ಲ, ಕತ್ತರಿಯಲ್ಲೇ ಕತ್ತರಿಸಬೇಕು. ನನ್ನ ಚೀಟಿಯಲ್ಲಿ ಕತ್ತರಿ ಎಡಗಡೆಯ ಗೆರೆಯನ್ನೇ ನುಂಗಿದೆ. ಅದಕ್ಕೇ ನನ್ನ ಜೇಬಿಗೆ ಎಟುಕಿತು ಅನ್ನಿ.

ಮೊದಲ ಹಾಳೆಗೆ ವಂಶವೃಕ್ಷ. ಬುಡದಲ್ಲಿ ಮಿಲಾನಿನ ಹಳೇ ದೊರೆಗಳಾದ ದೆಲ್ಲಾ ತೊರ್ರೆ ಮನೆತನವನ್ನು ಕೂರಿಸಿ, ಪಕ್ಕದಲ್ಲಿ ಗೋಪುರದ ಲಾಂಛನವನ್ನು ಇಂಡಿಯನ್ ಇಂಕಿನಲ್ಲಿ ಚೆಂದ ಮಾಡಿ ಬರೆದೆ. ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದರೆ ಕನ್ನಡಕ ಹಣೆಗೇರಿಸಿ ಒಂದೇ ಮಾತು ಕೇಳಿದರು: "ಇದಕ್ಕೆ ಆಧಾರ ಏನಪ್ಪಾ?"

ಆಧಾರ ಇರಲಿಲ್ಲ. ಆ ನಂಟನ್ನು ಹೊಸೆದದ್ದು 17ನೇ ಶತಮಾನದಲ್ಲಿ. ಗಂಡ 1628ರಲ್ಲಿ ತೀರಿಕೊಂಡ ಮೇಲೆ, ಮೂವತ್ತು ವರ್ಷದ ಯುದ್ಧದ ನಡುವೆಯೂ, ಮಗ ದೊಡ್ಡವನಾಗುವ ತನಕ ಅಂಚೆ ನಡೆಸಿದ ಗಟ್ಟಿಗಿತ್ತಿ ಅಲೆಕ್ಸಾಂಡ್ರಿನ್ ವಂಶಾವಳಿ ಬರೆಯುವವರನ್ನು ಹಿಡಿದು ಮನೆತನಕ್ಕೆ ಹಳೇ ರಕ್ತ ಹುಡುಕಿಸಿದಳು. 1650ರ ಹೊತ್ತಿಗೆ ಹೆಸರಿನ ಮುಂದೆ ಗೋಪುರ, ಅಂದರೆ 'ಟುರ್ನ್', ಬಂದು ಕೂತಿತು. ಎಷ್ಟೋ ಸಂಸ್ಥಾನಿಕರು ಸೂರ್ಯ ಚಂದ್ರರಿಂದಲೇ ಇಳಿದು ಬಂದಿಲ್ಲವೇ, ಅವಳನ್ನು ನಗುವ ಹಾಗಿಲ್ಲ.

ಹಾಳೆ ಹರಿದು ಹಾಕಿ ಕೊರ್ನೆಲ್ಲೊದಿಂದ ಶುರು ಮಾಡಿದೆ. ಬೆರ್ಗಮೊ ಬಳಿಯ ಕಣಿವೆಯ ಸಣ್ಣ ಹಳ್ಳಿ ಅದು. ಅಲ್ಲಿಯ ತಾಸ್ಸೊ (ಮುಂದೆ ಇದೇ 'ಟಾಕ್ಸಿಸ್') ಮನೆಯವರು ಪತ್ರ ಸಾಗಿಸುವ ಕಸುಬಿನವರು. ಇಟಾಲಿಯನ್ನಿನಲ್ಲಿ 'ತಾಸ್ಸೊ' ಅಂದರೆ ಬ್ಯಾಜರ್, ನಮ್ಮ ತರಕರಡಿಯ ದೂರದ ನೆಂಟ. ಲಾಂಛನದಲ್ಲಿ ಆ ಪ್ರಾಣಿ ಇವತ್ತಿಗೂ ಇದೆ. ಕವಿ ತೊರ್ಕ್ವಾತೊ ತಾಸ್ಸೊ ಇದೇ ಬಳ್ಳಿಯವನು.

ಅಲ್ಲಿಂದ ಮುಂದಿನ ಹಾಳೆಗಳು ಸಲೀಸಾಗಿ ಬಂದವು. 1490ರಲ್ಲಿ ಹ್ಯಾಬ್ಸ್‌ಬರ್ಗ್ ದೊರೆ ಮ್ಯಾಕ್ಸಿಮಿಲಿಯನ್‌ಗಾಗಿ ಇನ್ಸ್‌ಬ್ರುಕ್‌ನಿಂದ ಮೆಹೆಲೆನ್ ತನಕ ಕುದುರೆ ಬದಲಿಸುತ್ತ ಓಡುವ ಅಂಚೆ; 1505ರ ಕರಾರಿನಲ್ಲಿ ಬ್ರಸೆಲ್ಸ್‌ನಿಂದ ಇನ್ಸ್‌ಬ್ರುಕ್‌ಗೆ ಬೇಸಿಗೆಯಲ್ಲಿ ಐದೂವರೆ ದಿನ, ಚಳಿಗಾಲದಲ್ಲಿ ಇನ್ನೊಂದು ದಿನ ಹೆಚ್ಚು; 1615ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಅಂಚೆ ವಂಶಪಾರಂಪರ್ಯದ ಹಕ್ಕಾಯಿತು.

ಇನ್ನೊಂದು ಎಡವಟ್ಟು ಹೇಳಲೇಬೇಕು. ಮನೆತನದ ಅರಮನೆ ರೇಗನ್ಸ್‌ಬುರ್ಗ್‌ನಲ್ಲಿದೆ ಅಂತ ಆ ಊರಿನ ಮೊಹರು ಬಿದ್ದ ಚೀಟಿಗಾಗಿ ವರ್ಷವಿಡೀ ಹುಡುಕಿದೆ. ಅಂಥದ್ದು ಇರುವುದಕ್ಕೇ ಸಾಧ್ಯವಿಲ್ಲ! ಈಗ ಆ ಊರಿರುವ ಬವೇರಿಯಾ ರಾಜ್ಯ 1808ರಲ್ಲೇ ಅಂಚೆಯನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಅರಮನೆಯ ಯಜಮಾನ ತನ್ನೂರಿನಲ್ಲಿ ಕಾಗದ ಹಾಕಬೇಕಾದರೆ ಬವೇರಿಯಾದ ಚೀಟಿಯನ್ನೇ ಅಂಟಿಸಬೇಕಿತ್ತು. ಅಂಚೆಯ ಆಡಳಿತ ಫ್ರಾಂಕ್‌ಫರ್ಟ್‌ನಲ್ಲಿ. ಉತ್ತರದ ಸೀಮೆಗೆ ಸಿಲ್ಬರ್‌ಗ್ರೋಶನ್ ನಾಣ್ಯದ ಬೆಲೆ, ಅಂಕಿ ಚೌಕದೊಳಗೆ. ದಕ್ಷಿಣಕ್ಕೆ ಕ್ರಾಯ್ಟ್ಸರ್ ನಾಣ್ಯದ್ದು, ಅಂಕಿ ವೃತ್ತದೊಳಗೆ. ಇದು ಗೊತ್ತಾದ ಮೇಲೆ ಡಬ್ಬಿಯ ಚೀಟಿಗಳನ್ನು ಭೂತಗನ್ನಡಿ ಇಲ್ಲದೆಯೇ ಎರಡು ರಾಶಿ ಮಾಡಿದೆ.

ಕೊನೆಗೆ ಜರ್ಮನ್ ರಾಜ್ಯ ಪ್ರಷ್ಯಾ 30 ಲಕ್ಷ ಟಾಲರ್ ಕೊಟ್ಟು 1867ರ ಜುಲೈ 1ಕ್ಕೆ ಇಡೀ ಅಂಚೆಯನ್ನು ತೆಗೆದುಕೊಂಡಿತು. ದಕ್ಷಿಣದವರಿಗೆ ಕ್ರಾಯ್ಟ್ಸರ್ ಬಿಟ್ಟು ಗೊತ್ತಿರಲಿಲ್ಲವಲ್ಲ, ಅದಕ್ಕೆ ಪ್ರಷ್ಯಾ ತಾನೇ ಕ್ರಾಯ್ಟ್ಸರ್ ಚೀಟಿ ಅಚ್ಚು ಹಾಕಿಸಿತು. 16ನೇ ಹಾಳೆಯಲ್ಲಿ ಅದಕ್ಕೆಂದು ಪೆನ್ಸಿಲ್ಲಿನಲ್ಲಿ ಒಂದು ಚೌಕ ಎಳೆದಿಟ್ಟಿದ್ದೇನೆ. ಇನ್ನೂ ಖಾಲಿ ಇದೆ.