ಗ್ರಾಸ್ ಇಲ್ಲ, ಎಲೆಕ್ಟ್ರಿಕ್ ಇಲ್ಲ: 500ರ ಮೀನಿನ ಮ್ಯಾಲೆ ಮಿಸ್ಟಿನ್ನ ಗೆದ್ದ ಬಗಿ

ಪೋಕೆಮಾನ್ ಫೈರ್‌ರೆಡ್ ಗೇಮ್‌ನಾಗ ಬೆಂಕಿ ಟೈಪಿನ ಚಾರ್ಮ್ಯಾಂಡರ್ ಆರಿಸ್ಕೊಂಡವರಿಗೆ ನೀರಿನ ಟೈಪಿನ ಮಿಸ್ಟಿ ಕಾಯೂ ಸೆರುಲಿಯನ್ ಜಿಮ್ ಅಂದ್ರ ಏನಂತ ಬಿಡಿಸಿ ಹೇಳೂದು ಬ್ಯಾಡ. ನಾ ಇಟ್ಕೊಂಡ ಷರತ್ತು ಇಷ್ಟ: ಗ್ರಾಸ್ ಟೈಪ್ ಇಲ್ಲ, ಎಲೆಕ್ಟ್ರಿಕ್ ಟೈಪ್ ಇಲ್ಲ, ಟ್ರೇಡ್ ಇಲ್ಲ, ಬ್ಯಾಟಲ್ ಸ್ಟೈಲ್ ‘ಸೆಟ್’ (ಎದುರಿನದು ಬಿದ್ದಾಗ ಫುಕಟ ಬದಲಿ ಮಾಡಾಕ ಬರಂಗಿಲ್ಲ), ಮತ್ತ ನಮ್ಮ ಕಡಿ ಯಾರೂ ಮಿಸ್ಟಿಯ ಸ್ಟಾರ್ಮಿ ಲೆವೆಲ್ 21 ದಾಟಂಗಿಲ್ಲ. ಹುಬ್ಬಳ್ಳಿ-ಧಾರವಾಡದ ನಮ್ಮ ಗುಂಪಿನ್ಯಾಗ ಎಲ್ಲಾರದೂ ಒಂದ ಮಾತು, “ಆಗಂಗಿಲ್ಲ ಬಿಡು, ರೂಟ್ 24ರಾಗ ಒಂದು ಗ್ರಾಸ್ ಟೈಪಿನ ಆಡಿಶ್ ಹಿಡಿ, ಮುಗಸು.” ಗಿರಮಿಟ್-ಮಿರ್ಚಿ ಪಂತ ಕಟ್ಟಿದ್ರು. ಪಂತ ನಾನ ಗೆದ್ದೆ. ಒಂದು ಸಲ ಅದೃಷ್ಟದ ಮ್ಯಾಲೆ ಗೆದ್ದದ್ದಲ್ಲ, ಹೊಸಾ ಸೇವ್ ತಗದು ಮತ್ತ ಮಾಡಿ ತೋರ್ಸೀನಿ.

ಮೊದಲ ಎದುರಾಳಿ ಲೆಕ್ಕ. ಸ್ಟಾರ್ಯು ಲೆವೆಲ್ 18, ಸ್ಟಾರ್ಮಿ 21. ಎರಡರ ಕೈಯಾಗೂ ವಾಟರ್ ಪಲ್ಸ್ (ನೀರಿನ ಏಟು), ರಿಕವರ್ (ಅರ್ಧ ಹೆಚ್‌ಪಿ, ಅಂದ್ರ ಜೀವ, ವಾಪಸ್ ತುಂಬೂದು) ಅದಾವು. ಸ್ಟಾರ್ಯುಗೆ ಇವುಗಳ ಜೋಡಿ ಟ್ಯಾಕಲ್, ಹಾರ್ಡನ್. ಸ್ಟಾರ್ಮಿಗೆ ಸ್ವಿಫ್ಟ್, ರ‍್ಯಾಪಿಡ್ ಸ್ಪಿನ್. ಸ್ಟಾರ್ಮಿ ಹೆಚ್‌ಪಿ 60ರ ಆಸುಪಾಸು, ವೇಗ 55ರ ಮ್ಯಾಲೆ. ಈ ಹಂತದಾಗ ನಮ್ಮ ಹತ್ರ ಅಷ್ಟು ವೇಗದ್ದು ಯಾವುದೂ ಇರಂಗಿಲ್ಲ. ಲೆವೆಲ್ 20ರ ಚಾರ್ಮೀಲಿಯನ್‌ಗೆ (ಬೆಳದ ಚಾರ್ಮ್ಯಾಂಡರ್) ವಾಟರ್ ಪಲ್ಸ್ ಒಂದು ಏಟು ಬಿದ್ರ ಸುಮಾರು 60 ಹೋಗ್ತೈತಿ, ಅದರ ಹೆಚ್‌ಪಿನ 56ರ ಹತ್ತರ. ಅಲ್ಲಿಗೆ ಮುಗೀತು.

ಕೆಟ್ಟ ಹಾದಿಗಳನ್ನೂ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಇವನ್ನ ಸೂಚಿಸ್ತಾರ. ಒಂದನೇದು, ಬಿಲ್ ಮನಿಗೆ ಹೋಗಿ ಬಂದು, ಕಳುವಾದ ಮನಿ ಹಿತ್ತಲದಾಗಿನ ರಾಕೆಟ್ ಗ್ಯಾಂಗಿನವನ ಕಡಿಂದ ಡಿಗ್ (ನೆಲದಾಗ ಹೊಕ್ಕು ಹೊಡಿಯೂ ಏಟು) ಕಸ್ಕೊಂಡು ಚಾರ್ಮೀಲಿಯನ್‌ಗೆ ಕಲ್ಸೂದು. ಮೊದಲನೇ ಜನರೇಶನ್ನಿನ ಹಳೇ ರೆಡ್ ಗೇಮ್‌ನಾಗ ಡಿಗ್ ಶಕ್ತಿ 100 ಇತ್ತು, ಆ ನೆನಪಿನ ಮ್ಯಾಲೆ ಈ ಸಲಹೆ ಇನ್ನೂ ಓಡ್ಯಾಡ್ತೈತಿ. ಫೈರ್‌ರೆಡ್‌ನಾಗ ಅದು ಬರೇ 60. ಸ್ಟಾರ್ಮಿಗೆ ಏಟಿಗೆ 11-12 ತಗಲತೈತಿ, ಏಟಿಗೆ ಎರಡು ಟರ್ನ್ ಬೇರೆ. ನಡುವ ಒಂದು ರಿಕವರ್ ಹಾಕಿದ್ರ 30 ವಾಪಸ್. ಎರಡನೇದು, ಮೌಂಟ್ ಮೂನ್ ದಾಟಿದ ಮ್ಯಾಲೆ ರೂಟ್ 4ರಾಗ ನಿಂತ ಮಾಸ್ತರ ಕಡಿಂದ ಮೆಗಾ ಕಿಕ್. 20ರ ಮ್ಯಾಲೆ ಹೊಡೀತೈತಿ ಖರೆ, ಆದ್ರ ಮೂರು ಒದಿಕಿ ಬೇಕು, ನಾಕರಾಗ ಒಂದು ತಪ್ಪತೈತಿ, ಮತ್ತ ಚಾರ್ಮೀಲಿಯನ್‌ಗೆ ಸಿಗೂದು ಒಂದು ಟರ್ನ್‌ನೂ ಅಲ್ಲ. ಮೂರನೇದು ಮೆಟಲ್ ಕ್ಲಾ. ಅದನ್ನ ನೀರಿನ ಟೈಪ್ ಅರ್ಧಕ್ಕರ್ಧ ತಡ್ಕೋತೈತಿ, ಮಾತ ಬ್ಯಾಡ. ಸೋತಾಗೆಲ್ಲಾ 300ರ ಆಸುಪಾಸು ರೊಕ್ಕ ಕಳಚ್ಕೋತೈತಿ. ಹಳೇ ರೆಡ್‌ನಾಗಾದ್ರ ಕಿಸೇದಾಗಿದ್ದ ಅರ್ಧ ರೊಕ್ಕನ ಹೋಗ್ತಿತ್ತು, ಆ ಲೆಕ್ಕಕ್ಕ ಇದು ಸೋವಿ.

ಈಗ ಖರೇ ಹಾದಿ. ಮೌಂಟ್ ಮೂನ್ ಮುಂದಿನ ಪೋಕೆಮಾನ್ ಸೆಂಟರ್‌ನಾಗ ಒಬ್ಬಾಂವ 500 ತಗೊಂಡು ಲೆವೆಲ್ 5ರ ಮ್ಯಾಜಿಕಾರ್ಪ್ ಕೊಡ್ತಾನ. ಎಲ್ಲಾರೂ ಅದನ್ನ ಮೋಸ ಅಂತಾರ. ವರ್ಮಿಲಿಯನ್‌ನಾಗ ಓಲ್ಡ್ ರಾಡ್ ಫುಕಟ ಸಿಗ್ತೈತಿ, ಅದರಿಂದನ ಹಿಡೀಬಹುದಲ್ಲಾ ಅಂತ ಕೇಳಿದವರೂ ಅದಾರ. ಹಿಡೀಬಹುದು, ಆದ್ರ ಹಾದ್ಯಾಗ ರೂಟ್ 6ರ ಟ್ರೇನರ್‌ಗಳ ಕೂಡ ಹೊಡದಾಡಿ ಚಾರ್ಮೀಲಿಯನ್ 21ರ ಗಡಿ ದಾಟಿಬಿಡ್ತೈತಿ. ನನ್ನ ಷರತ್ತಿಗೆ ಅದು ಒಗ್ಗಂಗಿಲ್ಲ. ರೊಕ್ಕ ಕೊಡೂಕಿಂತ ಮುಂಚೆ ಸೇವ್ ಮಾಡ್ರಿ. ಮೀನು ಕೈಗೆ ಬಂದ ಕೂಡ್ಲೆ ನೇಚರ್ (ಯಾವ ಬಲ ಏರಸ್ತೈತಿ, ಯಾವುದು ಇಳಸ್ತೈತಿ ಅನ್ನೂ ಸ್ವಭಾವ) ನೋಡ್ರಿ. ಅಡಮಂಟ್, ಜಾಲಿ, ಇಂಪಿಶ್, ಕೇರ್‌ಫುಲ್, ಈ ನಾಕರಾಗ ಒಂದು ಬಂದ್ರ ರೀಸೆಟ್. ಈ ಮೀನು ಬೆಳದು ಆಗೂ ಗ್ಯಾರಡೋಸ್‌ಗೆ ಅಡಮಂಟ್ ಅಂದ್ರ ಭಾಳ ಮಂದಿ ಕುಣದಾಡ್ತಾರ, ಇಲ್ಲೆ ಮಾತ್ರ ಅದು ಉಲ್ಟಾ. ಫೈರ್‌ರೆಡ್‌ನಾಗ ಡಾರ್ಕ್ ಟೈಪಿನ ಏಟು ಎಲ್ಲಾ ಸ್ಪೆಷಲ್ ಅಟ್ಯಾಕ್ ಲೆಕ್ಕಕ್ಕ ಬರ್ತಾವು, ನಾವು ನಂಬಿದ್ದು ಡಾರ್ಕ್ ಟೈಪಿನ ಬೈಟ್ ಒಂದ. ಆ ನಾಕೂ ನೇಚರ್ ಸ್ಪೆಷಲ್ ಅಟ್ಯಾಕ್ ಇಳಸ್ತಾವು. ಮಾಡೆಸ್ಟ್ ಬಂದ್ರ ಹಬ್ಬ.

ಮೀನು ಬೆಳಸೂದರಾಗ ಐತಿ ಎಲ್ಲಾ ಗುಟ್ಟು. ಮ್ಯಾಜಿಕಾರ್ಪ್ ನಿಧಾನ ಬೆಳಿಯೂ ಜಾತಿ, 20ಕ್ಕ 10,000 ಎಕ್ಸ್‌ಪೀರಿಯನ್ಸ್ ಬೇಕು. ಹೊಡದಾಟದಾಗ ಮುಂದಿಟ್ಟು, ಬದಲಿ ಮಾಡಿ ಬೆಳಸಾಕ ಹೋದ್ರ ಪಾಲು ಅರ್ಧ ಆಗಿ ಜೀವನ ಹೋಗ್ತೈತಿ, ಚಾರ್ಮೀಲಿಯನ್ನೂ ಸುಮ್ಮನ ಏರತೈತಿ. ಅದಕ್ಕ ರೂಟ್ 5ರ ಡೇ ಕೇರ್, ನಾವು ನಡದಂಗ ಅಲ್ಲಿಟ್ಟ ಪೋಕೆಮಾನ್ ಬೆಳೀತೈತಿ. ಕಳುವಾದ ಮನಿ ಹಿಂದಿನ ಹಾದಿ ಹಿಡದ್ರ ಬ್ಯಾಡ್ಜ್ ಇಲ್ದನೂ ಅಲ್ಲೆ ಮುಟ್ಟಬಹುದು. ಒಂದು ಹೆಜ್ಜಿಗೆ ಒಂದು ಎಕ್ಸ್‌ಪೀರಿಯನ್ಸ್. ಬಿಡಿಸ್ಕೊಳ್ಳುವಾಗ 100, ಏರಿದ ಒಂದೊಂದು ಲೆವೆಲ್‌ಗೆ ಮತ್ತ 100.

ಇಲ್ಲೆ ಎಚ್ಚರ. 20 ಆಗೂತನ ಬಿಡಬ್ಯಾಡ್ರಿ. ಡೇ ಕೇರ್‌ನಾಗ ಯಾವ ಪೋಕೆಮಾನ್ನೂ ಎವಾಲ್ವ್ ಆಗಂಗಿಲ್ಲ (ರೂಪ ಬದಲಸಂಗಿಲ್ಲ). 20ಕ್ಕ ಹೊರಗ ತಂದ್ರ ಅದು 21ಕ್ಕ ಗ್ಯಾರಡೋಸ್ ಆಗ್ತೈತಿ, ಬೈಟ್ ಕಲಿಯೂ ಲೆವೆಲ್ 20 ಅಷ್ಟೊತ್ತಿಗೆ ದಾಟಿ ಹೋಗಿರ್ತೈತಿ. ಮರತ ಏಟು ನೆನಪು ಮಾಡಿಕೊಡಾಂವ ಇರೂದು ಟೂ ಐಲ್ಯಾಂಡ್‌ನಾಗ, ಆಟದ ಕೊನಿ ಕಡೆ. ಟ್ಯಾಕಲ್ ಒಂದ ಇಟ್ಕೊಂಡ ಗ್ಯಾರಡೋಸ್ ಮಿಸ್ಟಿ ಮುಂದ ಏನೂ ಮಾಡಂಗಿಲ್ಲ. ಅದಕ್ಕ 19ಕ್ಕ ಬಿಡಿಸ್ಕೋರಿ. 5ರಿಂದ 19ಕ್ಕ 8,400 ಹೆಜ್ಜಿ ಚಿಲ್ಲರ. ಡೇ ಕೇರ್ ಖರ್ಚು 1,500. 19ರಿಂದ 20ಕ್ಕ ಮೌಂಟ್ ಮೂನ್‌ನಾಗ ಸಿಕ್ಕ ರೇರ್ ಕ್ಯಾಂಡಿ (ಒಂದು ಲೆವೆಲ್ ಏರಸೂ ಮಿಠಾಯಿ) ತಿನ್ನಸ್ರಿ. ಕಣ್ಣ ಮುಂದನ ಗ್ಯಾರಡೋಸ್ ಆಗಿ, ಬೈಟ್ ಕಲೀಲೇನು ಅಂತ ಕೇಳ್ತೈತಿ.

8,400 ಹೆಜ್ಜಿ ಅಂದ್ರ ಹೆದರೂದು ಬ್ಯಾಡ. ರೂಟ್ 5ರಿಂದ ಇಳಿಯೂ ಅಂಡರ್‌ಗ್ರೌಂಡ್ ಪಾಥ್ ನೆಟ್ಟಗೈತಿ, ಕಾಡು ಪೋಕೆಮಾನ್ ಅಡ್ಡ ಬರಂಗಿಲ್ಲ. ಬರೇ ನಡದ್ರೂ ಮುಕ್ಕಾಲು ತಾಸಿನ ಕೆಲಸ. ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ಸಿನ್ಯಾಗ ಕುಂತು ಹೊಂಟ್ರ, ಇಳಿಯೂದರಾಗ ಮೀನು ತಯಾರ. ಬಟನ್ ಒತ್ಕೊಂಡು ಕೂಡ್ರದ ಹೆಜ್ಜಿ ಹಾಕ್ಸೂ ಒಂದು ಉಪಾಯ ನನ್ನ ಹತ್ರ ಐತಿ, ಅದು ನನ್ನ ಹತ್ರನ ಇರ್ಲಿ.

ಗ್ಯಾರಡೋಸ್ ಒಂದ ಸಾಕಂತ ತಿಳ್ಕೊಂಡವರು ಇಲ್ಲೇ ಸೋಲ್ತಾರ. ವಾಟರ್ ಪಲ್ಸ್ ಅದಕ್ಕ 11ರ ಮ್ಯಾಲೆ ಹೋಗಂಗಿಲ್ಲ, ಹೆಚ್‌ಪಿ 70 ಐತಿ, ಛಲೋ. ನಮ್ಮ ಬೈಟ್ ಸ್ಟಾರ್ಮಿಗೆ ಸೂಪರ್ ಎಫೆಕ್ಟಿವ್, ಏಟಿಗೆ 22ರ ಹತ್ತರ. ಮೂರು ಏಟು ಬೇಕು. ಆದ್ರ ಎರಡು ಬಿದ್ದ ಮ್ಯಾಲೆ ಮಿಸ್ಟಿ ರಿಕವರ್ ಹಾಕಸ್ತಾಳ, 30 ವಾಪಸ್. 22 ಹೊಡಿಯೂದು, 30 ತುಂಬೂದು, ಈ ಲೆಕ್ಕ ಎಂದೂ ಮುಗಿಯಂಗಿಲ್ಲ. ಬೈಟ್‌ಗೆ 30 ಪರ್ಸೆಂಟ್ ಫ್ಲಿಂಚ್ (ಎದುರಿನದು ಬೆದರಿ ಆ ಟರ್ನ್ ಹೊಡಿಯಂಗಿಲ್ಲ) ಐತಿ ಅಂತೀರಿ, ಸ್ಟಾರ್ಮಿ ಮೊದಲ ಹೊಡದ ಮ್ಯಾಲೆ ಫ್ಲಿಂಚ್ ತಗೊಂಡು ಏನ್ ಮಾಡ್ತೀರಿ? ಜೋಡಿಗೆ ವಾಟರ್ ಪಲ್ಸ್ ಐದರಾಗ ಒಂದು ಸಲ ಕನ್ಫ್ಯೂಸ್ ಮಾಡ್ತೈತಿ. ಗ್ಯಾರಡೋಸ್ ಅಟ್ಯಾಕ್ ಭಾಳ, ಹಿಂಗಾಗಿ ತನ್ನ ಏಟು ತನಗ 13ರ ಹತ್ತರ ಬೀಳ್ತೈತಿ, ವಾಟರ್ ಪಲ್ಸ್‌ಕಿಂತ ಹೆಚ್ಚು.

ಹಂಗಾರ ಸ್ಟಾರ್ಮಿ ವೇಗ ಮುರೀಬೇಕು. ಅದಕ್ಕ ವಿರಿಡಿಯನ್ ಕಾಡಿನ ಕ್ಯಾಟರ್‌ಪಿ. 10ಕ್ಕ ಬಟರ್‌ಫ್ರೀ, 14ಕ್ಕ ಸ್ಟನ್ ಸ್ಪೋರ್ (ಪ್ಯಾರಲಿಸಿಸ್ ಹತ್ಸೂ ಪುಡಿ), 15ಕ್ಕ ಸ್ಲೀಪ್ ಪೌಡರ್ (ಮಲಗಿಸೂ ಪುಡಿ). ಅದರ ಕಾಂಪೌಂಡ್ ಐಸ್ ಅನ್ನೂ ಹುಟ್ಟುಗುಣದಿಂದ 75ರ ಗುರಿ 97ಕ್ಕ ಏರತೈತಿ, ತಪ್ಪೂದು ಅಪರೂಪ. 13ಕ್ಕ ಬರೂ ಪಾಯ್ಸನ್ ಪೌಡರ್ ಕಲಸ್ಬ್ಯಾಡ್ರಿ. ವಿಷ ಹತ್ತಿದ್ದಕ್ಕ ಪ್ಯಾರಲಿಸಿಸ್ ಹತ್ತಂಗಿಲ್ಲ, ಅವಸರದಾಗ ತಪ್ಪು ಪುಡಿ ಚೆಲ್ಲಿದ್ರ ಇಡೀ ಯೋಜನಾ ಹಾಳು. ಲೆವೆಲ್ 16 ಸಾಕು. ನಗ್ಗೆಟ್ ಬ್ರಿಡ್ಜ್ ಮ್ಯಾಲಿನ ಟ್ರೇನರ್‌ಗಳ ಹುಳ, ಇಲಿ ಎಲ್ಲಾ ಇದಕ್ಕ ಬಿಡ್ರಿ, ಚಾರ್ಮೀಲಿಯನ್ ಹಿಂದ ನಿಂದ್ರಲಿ. ಬ್ರಿಡ್ಜ್ ಕೊನಿಗೆ ಸಿಗೂ ನಗ್ಗೆಟ್ ಮಾರಿದ್ರ 5,000. ಸೂಪರ್ ಪೋಶನ್ 700ಕ್ಕೊಂದು, ನಾಕು ತಗೋರಿ.

ಪ್ಯಾರಲಿಸಿಸ್ ಹತ್ತಿದ ಮ್ಯಾಲೆ ಸ್ಟಾರ್ಮಿ ವೇಗ ನಾಕರಾಗ ಒಂದು ಪಾಲು, 14ರ ಹತ್ತರ. ಗ್ಯಾರಡೋಸ್ 40. ಈಗ ಬೈಟ್ ಮೊದಲ ಬೀಳ್ತೈತಿ, 30 ಪರ್ಸೆಂಟ್ ಫ್ಲಿಂಚ್ ಕೆಲಸಕ್ಕ ಬರ್ತೈತಿ, ಫ್ಲಿಂಚ್ ಆಗದಿದ್ರೂ ನಾಕರಾಗ ಒಂದು ಸಲ ಮರಗಟ್ಟಿ ನಿಂದ್ರತೈತಿ. ಎರಡೂ ಕೂಡಿ ಹೆಚ್ಚೂ ಕಡಿಮಿ ಅರ್ಧ ಟರ್ನ್ ಆಕಿ ಕಡಿಂದ ಕಸ್ಕೊಂಡಂಗ.

ಸ್ಲೀಪ್ ಪೌಡರನ್ನ ಸ್ಟಾರ್ಮಿ ಮ್ಯಾಲೆ ಯಾಕ ಹಾಕಬಾರ್ದು ಅಂತ ಕೇಳಿದ್ರು. ಹಾಕಿ ನೋಡೀನಿ. ಗ್ಯಾರಡೋಸ್ ಬದಲಿ ತರೂದರಾಗ ಒಂದು ಟರ್ನ್ ಹೋಗ್ತೈತಿ, ಎರಡು ಬೈಟ್ ಬೀಳೂದರಾಗ ಎದ್ದು ಕೂಡ್ರತೈತಿ, ಎದ್ದ ಕೂಡ್ಲೆ ರಿಕವರ್. ನಿದ್ದಿ ಹರಿತೈತಿ, ಪ್ಯಾರಲಿಸಿಸ್ ಹೋಗಂಗಿಲ್ಲ.

ಈಗ ಅಖಾಡ. ಸೆಟ್ ಮೋಡ್‌ನಾಗ ಗ್ಯಾರಡೋಸ್ ಮುಂದಿಟ್ಟು ಸ್ಟಾರ್ಯು ಹೊಡದ್ರ ಸಿಗೆ ಬೀಳ್ತೀರಿ. ಆಮ್ಯಾಲೆ ಬಟರ್‌ಫ್ರೀ ಒಳಗ ಬರುವಾಗ ಒಂದು ವಾಟರ್ ಪಲ್ಸ್, ಬಂದ ಮ್ಯಾಲೆ ಸ್ಟಾರ್ಮಿ ವೇಗಕ್ಕ ಇನ್ನೊಂದು. ಏಟಿಗೆ 30, ಬಟರ್‌ಫ್ರೀ ಹೆಚ್‌ಪಿ 47. ಪುಡಿ ಚೆಲ್ಲೂಕಿಂತ ಮುಂಚೆನ ಸತ್ತಿರ್ತೈತಿ. ಅದಕ್ಕ ಬಟರ್‌ಫ್ರೀನ ಮುಂದ ಇರಬೇಕು, ಸ್ಟಾರ್ಯುನ್ನ ಕೊಲ್ಲೂದೂ ಅದ ಆಗಬೇಕು. ಮೊದಲ ಸ್ಲೀಪ್ ಪೌಡರ್, ಆಮ್ಯಾಲೆ ಕನ್ಫ್ಯೂಷನ್. ಏಟಿಗೆ 10ರ ಹತ್ತರ, ಸ್ಟಾರ್ಯು ಹೆಚ್‌ಪಿ 40 ಚಿಲ್ಲರ, ನಾಕೈದು ಏಟಿನ್ಯಾಗ ಬೀಳ್ತೈತಿ. ಕೊನೀ ಏಟಿಗಿಂತ ಮುಂಚೆ, ಅದು ಇನ್ನೂ ಮಲಗಿದ್ದಾಗನ, ಬಟರ್‌ಫ್ರೀಗೆ ಸೂಪರ್ ಪೋಶನ್ ಕುಡಸಿ ಹೆಚ್‌ಪಿ ತುಂಬ ಮಾಡ್ರಿ. ಎಚ್ಚರಾದ್ರ ಮತ್ತ ಪುಡಿ. ಇದನ್ನ ಬಿಟ್ಟವರು ಸ್ಟಾರ್ಮಿ ಮೊದಲನೇ ಏಟಿಗೇ ಬಟರ್‌ಫ್ರೀ ಕಳ್ಕೋತಾರ.

ಸ್ಟಾರ್ಮಿ ಬಂತು. ವಾಟರ್ ಪಲ್ಸ್ ಹೊಡೀತು, ಬಟರ್‌ಫ್ರೀ 16-17ಕ್ಕ ನಿಂತಿತು, ಸ್ಟನ್ ಸ್ಪೋರ್ ಬಿತ್ತು. ಕನ್ಫ್ಯೂಸ್ ಆದ್ರ ಮಾತ್ರ ಪುಡಿ ಕೈ ಕೊಡಬಹುದು, ಆ ಅಪಾಯ ಇದ್ದದ್ದ. ಮುಂದ ಬಟರ್‌ಫ್ರೀ ಬದಲಿ ಮಾಡಬ್ಯಾಡ್ರಿ, ಅಲ್ಲೇ ಇರ್ಲಿ. ಬಿದ್ರ ಗ್ಯಾರಡೋಸ್ ಒಂದೂ ಏಟು ತಿನ್ನದ ಒಳಗ ಬರ್ತೈತಿ, ಅದರ ಇಂಟಿಮಿಡೇಟ್‌ಗೆ (ಒಳಗ ಬಂದ ಕೂಡ್ಲೆ ಎದುರಿನದರ ಅಟ್ಯಾಕ್ ಇಳಸೂ ಗುಣ) ಸ್ವಿಫ್ಟ್ ಸುದ್ದಾ ಸಪ್ಪಗ ಆಗ್ತೈತಿ. ಅಲ್ಲಿಂದ ಬೈಟ್, ಬೈಟ್, ಬೈಟ್. ಮಿಸ್ಟಿ ಹತ್ರ ಒಂದು ಸೂಪರ್ ಪೋಶನ್ ಇರ್ತೈತಿ, ಅದು ಖರ್ಚಾಗೂತನ ನಮ್ಮ ಪೋಶನ್ ಮುಟ್ಟಬ್ಯಾಡ್ರಿ. ಗ್ಯಾರಡೋಸ್ ಕನ್ಫ್ಯೂಸ್ ಆದ್ರ ಹಠ ಮಾಡಬ್ಯಾಡ್ರಿ, ಚಾರ್ಮೀಲಿಯನ್ ಒಳಗ ಕಳಸ್ರಿ. ಅದು ಸಾಯ್ತೈತಿ, ಆದ್ರ ಗ್ಯಾರಡೋಸ್ ತಲಿ ಸ್ವಚ್ಛ ಆಗಿ ವಾಪಸ್ ಬರ್ತೈತಿ, ಇಂಟಿಮಿಡೇಟ್ ಇನ್ನೊಂದು ಸಲ. ಬಟರ್‌ಫ್ರೀ ನಾಕನೇ ಮೂವ್ ಏನಂತ ನಾ ಹೇಳಂಗಿಲ್ಲ, ಹುಡುಕ್ರಿ.

ರೊಕ್ಕದ ಲೆಕ್ಕ: ಮೀನು 500, ಡೇ ಕೇರ್ 1,500. ಮಿಸ್ಟಿ ಸೋತು ಕೊಡೂದು 2,100. ಮ್ಯಾಲೆ ಕ್ಯಾಸ್ಕೇಡ್ ಬ್ಯಾಡ್ಜ್, ವಾಟರ್ ಪಲ್ಸ್ ಟಿಎಮ್. ಪೋಶನ್ ಖರ್ಚು ನಗ್ಗೆಟ್‌ನಾಗ ಕಳೀತು. ಮೋಸದ ಮೀನು ಅಂದವರಿಗೆ ಇದನ್ನ ತೋರ್ಸ್ರಿ.

ಇದರ ನಡುವ ಹಳೇ ರೆಡ್‌ನಾಗೂ ಒಂದು ಪ್ರಯೋಗ ಮಾಡಿದೆ. ಅಲ್ಲೆ ಬೈಟ್ ನಾರ್ಮಲ್ ಟೈಪ್, ಗ್ಯಾರಡೋಸ್ ಆಟ ನಡಿಯಂಗಿಲ್ಲ. ಬದ್ಲಿಗೆ ರೂಟ್ 4ರ ಎಕನ್ಸ್. ಮೊದಲನೇ ಜನರೇಶನ್‌ನಾಗ ರ‍್ಯಾಪ್ ಸುತ್ಕೊಂಡಿರೂತನ ಎದುರಿನವ ಹೊಡಿಯಾಕ ಬರಂಗಿಲ್ಲ. ಬಟರ್‌ಫ್ರೀ ಸ್ಟನ್ ಸ್ಪೋರ್ ಹಾಕಿದ್ರ ಸ್ಟಾರ್ಮಿ ಎಕನ್ಸ್‌ಕಿಂತ ನಿಧಾನ, ರ‍್ಯಾಪ್ ತಪ್ಪೂತನ ಬಾಯಿ ಮುಚ್ಚಿಕೊಂಡು ಕೂಡ್ರಬೇಕು. ಏಟಿಗೆ ಮೂರೋ ನಾಕೋ ಹೋಗ್ತೈತಿ, ತಾಳ್ಮಿ ಬೇಕು. ಆದ್ರ ಅಲ್ಲೆ ಕಾಂಪೌಂಡ್ ಐಸ್ ಇಲ್ಲ, ಪುಡಿ ನಾಕರಾಗ ಒಂದು ತಪ್ಪತೈತಿ. ಕ್ರಿಟಿಕಲ್ ಲೆಕ್ಕ ವೇಗದ ಮ್ಯಾಲೆ ಇರೂದ್ರಿಂದ ಸ್ಟಾರ್ಮಿಗೆ ಐದು ಏಟಿನ್ಯಾಗ ಒಂದು ಕ್ರಿಟಿಕಲ್. ಮಿಸ್ಟಿ ನಡುನಡುವ ಎಕ್ಸ್ ಡಿಫೆಂಡ್ ಬ್ಯಾರೆ ಹಾಕ್ತಾಳ. ಗೆಲ್ಲಬಹುದು, ಭರೋಸಾ ಇಲ್ಲ.

ಕ್ಯಾಸೆಟ್ ಬಗ್ಗೆ ಎರಡು ಮಾತು, ಯಾಕಂದ್ರ ರೊಕ್ಕ ಹೋಗೂದು ಅಲ್ಲೇ. ಕೊಪ್ಪಿಕರ್ ರೋಡ್ ಇರ್ಲಿ, ದುರ್ಗದಬೈಲ್ ಇರ್ಲಿ, ಆನ್‌ಲೈನ್ ಇರ್ಲಿ, ಹಳೇ ಫೈರ್‌ರೆಡ್ ಕ್ಯಾಸೆಟ್ ಅಂತ ಸಿಗೂದರಾಗ ನಕಲಿ ಭಾಳ. ಅಸಲಿ ಫೈರ್‌ರೆಡ್ ಸೇವ್ ಫ್ಲ್ಯಾಶ್ ಮೆಮರಿ ಒಳಗ ಕೂಡ್ರತೈತಿ, ಬ್ಯಾಟರಿ ಬೇಕಾಗಿಲ್ಲ. ಒಳಗ ಬ್ಯಾಟರಿ ಕಂಡ್ರ ಅದು ನಕಲಿ, ಬ್ಯಾಟರಿ ಇಳದ ದಿನ 8,400 ಹೆಜ್ಜಿನೂ ಹೋದಂಗ. ನನ್ನ ಕೈಗೆ ಬಂದ ಮೊದಲನೇ ಕ್ಯಾಸೆಟ್ ಅಂಥಾದ್ದ, ಗ್ಯಾರಡೋಸ್ ಸಮೇತ ಅಳಿಸಿ ಹೋತು, ಮಾರಿದಾಂವ ರೊಕ್ಕ ವಾಪಸ್ ಕೊಡಲಿಲ್ಲ. ತಗೊಳ್ಳುವಾಗ ಕೆಳಗಿನ ಪಿನ್ನುಗಳ ಮ್ಯಾಲೆ ಬೋರ್ಡಿನ್ಯಾಗ ನಿಂಟೆಂಡೊ ಅಂತ ಅಚ್ಚು ಐತೇನು ಬೆಳಕಿಗೆ ಹಿಡದು ನೋಡ್ರಿ, ಮುಂದಿನ ಲೇಬಲ್ ಮ್ಯಾಲೆ ಒತ್ತಿ ಮೂಡಿಸಿದ ಸಣ್ಣ ಅಂಕಿ ಬೆರಳಿಗೆ ಸಿಗ್ತೈತೇನು ನೋಡ್ರಿ.

ಆಮ್ಯಾಲಿನ ಹಾರ್ಟ್‌ಗೋಲ್ಡ್ ಗೇಮ್‌ನಾಗ ಇದ ಯೋಜನಾ ನಡೀತೈತೇನು ಅಂತ ಒಬ್ರು ಕೇಳ್ಯಾರ. ಅಲ್ಲೆ ಮಿಸ್ಟಿ ಹತ್ರ ನಾಕು: ಗೋಲ್ಡಕ್, ಕ್ವಾಗ್‌ಸೈರ್ 49, ಲಾಪ್ರಾಸ್ 52, ಸ್ಟಾರ್ಮಿ 54. ಡಾರ್ಕ್ ಟೈಪಿನ ಏಟು ಸೂಪರ್ ಎಫೆಕ್ಟಿವ್ ಆಗೂದು ಸ್ಟಾರ್ಮಿ ಒಂದಕ್ಕ. ಎಲೆಕ್ಟ್ರಿಕ್ ನಂಬಿ ಹೋದವರನ್ನ ನಿಂದರ್ಸೂದು ಗ್ರೌಂಡ್ ಟೈಪಿನ ಕ್ವಾಗ್‌ಸೈರ್, ನಮ್ಮ ಷರತ್ತಿನ್ಯಾಗ ಕೈ ಕಟ್ಟೂದು ಲಾಪ್ರಾಸ್. ಬೈಟ್ ಅಲ್ಲೂ ಇರ್ತೈತಿ, ಆದ್ರ ಆ ಹೊತ್ತಿಗೆ ಡಾರ್ಕ್ ಏಟು ಮೂವ್ ನೋಡಿ ಅಟ್ಯಾಕ್ ಲೆಕ್ಕಕ್ಕ ಬಂದಾವು, ಅಲ್ಲೆ ಅಡಮಂಟ್ ಮೀನು ಸಿಕ್ರ ರೀಸೆಟ್ ಮಾಡಬ್ಯಾಡ್ರಿ.