ಟ್ಯಾಂಕರ್ ನೀರು ಕೊಳ್ಳುವಾಗ ಗಮನಿಸಬೇಕಾದದ್ದು

ಬರಗಾಲದಲ್ಲಿ ಟ್ಯಾಂಕರ್ ನೀರನ್ನು ‘ಲೋಡ್’ ಲೆಕ್ಕದಲ್ಲಿ ತರಿಸಿಕೊಳ್ಳುವುದು ರೂಢಿ. ಆದರೆ ಲೋಡ್ ಎಂಬುದು ಅಳತೆಯಲ್ಲ. ಆದ್ದರಿಂದ ಫೋನಿನಲ್ಲಿ ಮಾತಾಡುವಾಗಲೇ ಟ್ಯಾಂಕರ್ ಎಷ್ಟು ಲೀಟರಿನದು, ನೀರು ಎಲ್ಲಿಯದು, ಹೇಳಿದ ದರದಲ್ಲಿ ಸಾಗಾಟವೂ ಸೇರಿದೆಯೇ ಎಂಬ ಮೂರನ್ನು ಕೇಳಿ, ಲೀಟರಿಗೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿಯೇ ಒಪ್ಪಿಕೊಳ್ಳಬೇಕು.

ಹೇಳಿದಷ್ಟು ನೀರು ಬಂದಿತೇ ಎಂದು ತಿಳಿಯಲು ನಿಮ್ಮ ಸಂಪೇ ಸಾಕು. ಸಂಪಿನ ಒಳಗಿನ ಉದ್ದ 2 ಮೀಟರ್, ಅಗಲ 1.5 ಮೀಟರ್ ಇದ್ದರೆ, ನೀರು 1 ಸೆಂಟಿಮೀಟರ್ ಏರಿದಾಗ 30 ಲೀಟರ್ ಸೇರಿದಂತಾಗುತ್ತದೆ. ಮೋಟರ್ ನಿಲ್ಲಿಸಿ, ತೊಳೆದ ಕೋಲನ್ನು ತಳ ಮುಟ್ಟುವಂತೆ ಇಳಿಸಿ, ಪೈಪು ಹಾಕುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಒದ್ದೆಯಾದ ಎತ್ತರವನ್ನು ಗುರುತು ಮಾಡಿಕೊಳ್ಳಿ. 4,000 ಲೀಟರ್ ಎಂದು ಹೇಳಿದ ಟ್ಯಾಂಕರಿನಿಂದ ನೀರು ಸುಮಾರು 133 ಸೆಂಟಿಮೀಟರ್ ಏರಬೇಕು. 110 ಮಾತ್ರ ಏರಿದ್ದರೆ 700 ಲೀಟರ್ ಕಡಿಮೆ ಬಂದಿದೆ. ಈ ಲೆಕ್ಕವನ್ನು ಚಾಲಕನ ಎದುರಿಗೇ, ಹಣ ಕೊಡುವ ಮೊದಲೇ ಮಾಡುವುದು ಒಳ್ಳೆಯದು. ಗಾಡಿ ಹೊರಟ ಮೇಲೆ ತೆಗೆದ ತಕರಾರಿಗೆ ಬೆಲೆ ಇರುವುದಿಲ್ಲ. ಸಂಪಿನಲ್ಲಿ ಖಾಲಿ ಜಾಗ ಸಾಲದಿದ್ದರೆ ಉಳಿದ ನೀರಿಗೂ ಹಣ ತೆರಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ಪಕ್ಕದ ಮನೆಯವರೊಡನೆ ಒಂದೇ ಲೋಡನ್ನು ಹಂಚಿಕೊಳ್ಳುವುದು ಲೇಸು.

ಗುಣಮಟ್ಟದ ವಿಷಯದಲ್ಲಿ ಸಂಕೋಚ ಬೇಡ. ಕಟ್ಟಡದ ಕೆಲಸಕ್ಕೆ ಸಂಸ್ಕರಿಸಿದ ಕೊಳಚೆ ನೀರನ್ನು ಸಾಗಿಸುವ ಟ್ಯಾಂಕರುಗಳೂ ಇರುವುದರಿಂದ, ಹಿಂದಿನ ಲೋಡ್ ಯಾವುದೆಂದು ಕೇಳುವುದರಲ್ಲಿ ತಪ್ಪಿಲ್ಲ. ಪೈಪಿನ ಬಾಯನ್ನು ಸಂಪಿಗೆ ಬಿಡುವ ಮೊದಲು ಒಂದು ಬಿಳಿ ಬಕೆಟ್ಟಿಗೆ ನೀರು ಹಿಡಿದರೆ ಕೆಸರು, ತುಕ್ಕು, ಮೇಲೆ ತೇಲುವ ಎಣ್ಣೆಯ ಪದರ, ಡೀಸೆಲ್ ವಾಸನೆ ಗೊತ್ತಾಗುತ್ತವೆ. ಅನುಮಾನ ಬಂದರೆ ಅಲ್ಲಿಯೇ ನಿಲ್ಲಿಸಿ, ಏಕೆಂದರೆ ಕೆಟ್ಟ ನೀರು ಸಂಪಿನಲ್ಲಿ ಉಳಿದಿದ್ದ ಒಳ್ಳೆಯ ನೀರನ್ನೂ ಕೆಡಿಸುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡದ್ದೆಲ್ಲ ಕುಡಿಯಲು ಯೋಗ್ಯವೆಂದೂ ಅಲ್ಲ: ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು, ಆಳದ ಕೊಳವೆಬಾವಿಯ ನೀರಿನಲ್ಲಿರಬಹುದಾದ ಫ್ಲೋರೈಡ್ ಆಗಲಿ ನೈಟ್ರೇಟ್ ಆಗಲಿ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದೆನ್ನುತ್ತದೆ. ಪದೇ ಪದೇ ಒಂದೇ ಕಡೆಯಿಂದ ತರಿಸುವವರು ಆ ನೀರನ್ನು ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದು ಸ್ನಾನ, ಬಟ್ಟೆ, ನೆಲ ಒರೆಸುವುದಕ್ಕಿರಲಿ. ಕುಡಿಯಲು ಮತ್ತು ಅಡುಗೆಗೆ ಬೇರೆ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಇಟ್ಟುಕೊಳ್ಳಿ.

ಸಂಪು ಬತ್ತಿದ ಮೇಲೆ ಕರೆ ಮಾಡಿದವರು ಸಿಕ್ಕ ನೀರನ್ನು ಕೇಳಿದ ಬೆಲೆಗೆ ಕೊಳ್ಳಬೇಕಾಗುತ್ತದೆ. ಮನೆಯ ದಿನದ ಬಳಕೆಯನ್ನು ಅದೇ ಕೋಲಿನಿಂದ ಒಂದು ವಾರ ಅಳೆದು ನೋಡಿ, ಎರಡು ಮೂರು ದಿನಕ್ಕಾಗುವಷ್ಟು ನೀರು ಇರುವಾಗಲೇ ಮುಂದಿನ ಲೋಡಿಗೆ ಹೇಳಿಬಿಡಿ.